ಹೊಸ ಸವಾರನೂ ಬಲಶಾಲಿ ಎಂಜಿನ್ನೂ

ಈಜು ಕಲಿಯಬಯಸುವ ಹುಡುಗನನ್ನು ಯಾರೂ ಮೊದಲ ದಿನವೇ ಆಷಾಢದ ತುಂಬುಹೊಳೆಗೆ ಇಳಿಸುವುದಿಲ್ಲ. ಸೊಂಟಕ್ಕೆ ಸೋರೆಬುರುಡೆ ಕಟ್ಟಿ, ಕೆರೆಯ ಅಂಚಿನ ನೀರಿನಲ್ಲಿ ಕೈಕಾಲು ಆಡಿಸುವುದನ್ನು ಕಲಿಸಿ, ಆ ಬಳಿಕ ಆಳಕ್ಕೆ ಬಿಡುವುದು ನಮ್ಮ ಹಿರಿಯರು ಅನುಸರಿಸಿಕೊಂಡು ಬಂದ ಕ್ರಮ. ಆದರೆ ಮೋಟಾರು ಸೈಕಲ್ಲಿನ ವಿಷಯಕ್ಕೆ ಬಂದಾಗ ಈ ವಿವೇಕವನ್ನು ಮರೆಯುವವರು ಬಹಳ. ಹದಿನೆಂಟು ತುಂಬಿ ಲೈಸೆನ್ಸು ಕೈಗೆ ಬಂದೊಡನೆ, ಪಂದ್ಯದ ಗಾಡಿಗಳ ಮಾದರಿಯಲ್ಲಿ ತಯಾರಾದ ಪ್ರಬಲವಾದ ‘ಸ್ಪೋರ್ಟ್ಸ್ ಬೈಕ್’ ಒಂದನ್ನೇ ಮೊದಲ ಗಾಡಿಯಾಗಿ ಕೊಳ್ಳಬೇಕೆಂದು ಹಂಬಲಿಸುವ ತರುಣರು ಅನೇಕರಿದ್ದಾರೆ. “ಗಾಡಿಯ ಬಲ ಎಷ್ಟಿದ್ದರೇನು? ಆಕ್ಸಿಲರೇಟರು ಇರುವುದು ನನ್ನ ಕೈಯಲ್ಲಿ ತಾನೆ? ನಿಧಾನವಾಗಿ ಹೋದರೆ ಆಯಿತು” ಎಂಬುದು ಅವರ ವಾದ.

ಈ ವಾದವನ್ನು ಗದರಿಸಿ ಬಾಯಿಮುಚ್ಚಿಸುವುದು ಸುಲಭ. ಆದರೆ ಅದರಿಂದ ಯಾರಿಗೂ ಮನವರಿಕೆಯಾಗುವುದಿಲ್ಲ. ಪ್ರೌಢಶಾಲೆಯಲ್ಲಿ ನಾವು ಕಲಿತ ಚಲನಶಾಸ್ತ್ರವನ್ನೇ ಹಿಡಿದು ಇದನ್ನು ಪರೀಕ್ಷಿಸಿ ನೋಡೋಣ. ಲೆಕ್ಕಗಳು ಸರಳವಾದವು, ವಾಚಕರು ಕಾಗದ ಪೆನ್ಸಿಲು ಹಿಡಿದು ತಾವೇ ಸರಿನೋಡಬಹುದು.

ಮೂರು ಗಾಡಿಗಳ ಹೋಲಿಕೆ

ನಮ್ಮ ದೇಶದ ರಸ್ತೆಗಳಲ್ಲಿ ಎಲ್ಲೆಲ್ಲೂ ಕಾಣುವ ಹೀರೋ ಸ್ಪ್ಲೆಂಡರ್ ಗಾಡಿಯ ಎಂಜಿನ್ನು ಸುಮಾರು ೯೭ ಸಿ.ಸಿ.ಯದು. ಅದರ ಗರಿಷ್ಠ ಸಾಮರ್ಥ್ಯ ಸುಮಾರು ೮ ಅಶ್ವಶಕ್ತಿ, ಎಂದರೆ ೫.೯ ಕಿಲೋವಾಟ್. ತೂಕ ಸುಮಾರು ೧೧೨ ಕಿಲೋಗ್ರಾಂ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ ೩೫೦ರ ಸಾಮರ್ಥ್ಯ ಸುಮಾರು ೨೦ ಅಶ್ವಶಕ್ತಿ (೧೪.೯ ಕಿಲೋವಾಟ್), ತೂಕ ೧೯೫ ಕಿಲೋಗ್ರಾಂ. ಮೂರನೆಯದಾಗಿ ಜಪಾನಿನ ಯಮಹಾ ಸಂಸ್ಥೆ ೨೦೧೫ರಲ್ಲಿ ಹೊರತಂದ ಆರ್-೧ ಮಾದರಿಯನ್ನು ತೆಗೆದುಕೊಳ್ಳೋಣ. ಅದರ ಎಂಜಿನ್ನು ೯೯೮ ಸಿ.ಸಿ.; ಸಾಮರ್ಥ್ಯ ಸುಮಾರು ೨೦೦ ಅಶ್ವಶಕ್ತಿ (೧೪೭ ಕಿಲೋವಾಟ್); ತೂಕ ಸುಮಾರು ೨೦೦ ಕಿಲೋಗ್ರಾಂ.

ಇಲ್ಲಿ ಮೊದಲು ಗಮನಿಸತಕ್ಕ ಸಂಗತಿಯೊಂದಿದೆ. ಎರಡನೆಯ ಮತ್ತು ಮೂರನೆಯ ಗಾಡಿಗಳ ತೂಕ ಹೆಚ್ಚುಕಡಿಮೆ ಒಂದೇ. ನಿಲ್ಲಿಸಿದ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ ತಳ್ಳಿ ನೋಡಿದವನಿಗೆ ಅವೆರಡರಲ್ಲಿ ದೊಡ್ಡ ಭೇದ ತೋರಲಾರದು. ಆದರೆ ಸಾಮರ್ಥ್ಯದಲ್ಲಿ ಒಂದು ಇನ್ನೊಂದರ ಹತ್ತರಷ್ಟಿದೆ.

ಸವಾರನ ತೂಕ ೭೦ ಕಿಲೋಗ್ರಾಂ ಎಂದು ಹಿಡಿದು, ಗಾಡಿ ಮತ್ತು ಸವಾರ ಕೂಡಿದ ಒಟ್ಟು ತೂಕದ ಪ್ರತಿ ಕಿಲೋಗ್ರಾಮಿಗೆ ಎಷ್ಟು ವಾಟ್ ಸಾಮರ್ಥ್ಯ ಒದಗುತ್ತದೆಂದು ಭಾಗಿಸಿ ನೋಡಿದರೆ ದೊರೆಯುವ ಉತ್ತರಗಳು ಇವು: ಮೊದಲನೆಯದಕ್ಕೆ ೩೨ ವಾಟ್, ಎರಡನೆಯದಕ್ಕೆ ೫೬ ವಾಟ್, ಮೂರನೆಯದಕ್ಕೆ ೫೪೪ ವಾಟ್. ಗಾಡಿಯ ಚುರುಕುತನವನ್ನು ಅಳೆಯಲು ಸಿ.ಸಿ.ಗಿಂತಲೂ ಈ ಸಂಖ್ಯೆಯೇ ಮೇಲಾದ ಅಳತೆಗೋಲು.

ತಪ್ಪು ತಿದ್ದಿಕೊಳ್ಳಲು ದೊರೆಯುವ ಕಾಲ

ಯಾವ ವಿದ್ಯೆಯನ್ನಾದರೂ ನಾವು ಕಲಿಯುವುದು ತಪ್ಪುಮಾಡಿ ತಿದ್ದಿಕೊಳ್ಳುವುದರ ಮೂಲಕ. ತಪ್ಪು ಘಟಿಸಬೇಕು, ಅದು ಅರಿವಿಗೆ ಬರಬೇಕು, ಕೈಕಾಲು ಅದನ್ನು ಸರಿಪಡಿಸಬೇಕು. ಅಪಾಯವನ್ನು ಕಂಡ ಕ್ಷಣದಿಂದ ಕೈ ಬ್ರೇಕಿನ ಮೇಲೆ ಬಿಗಿಯುವವರೆಗೆ ಸಾಮಾನ್ಯ ಮನುಷ್ಯನಿಗೆ ಸುಮಾರು ಒಂದು ಸೆಕೆಂಡು ಬೇಕು. ಇದು ನರಮಂಡಲದ ಮಿತಿ. ಧೈರ್ಯದಿಂದಾಗಲಿ ಉತ್ಸಾಹದಿಂದಾಗಲಿ ಇದನ್ನು ಇಲ್ಲವಾಗಿಸಲು ಆಗದು.

ಈಗ ಒಬ್ಬ ಹೊಸ ಸವಾರನು ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವಾಗ ಅರಿಯದೆ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದನೆನ್ನೋಣ. ವೇಗ ೬೦ರಿಂದ ೮೦ಕ್ಕೆ ಏರಲು ಎಷ್ಟು ಕಾಲ ಹಿಡಿಯುತ್ತದೆ? ಗಂಟೆಗೆ ೬೦ ಕಿಲೋಮೀಟರೆಂದರೆ ಸೆಕೆಂಡಿಗೆ ೧೬.೭ ಮೀಟರು; ೮೦ ಎಂದರೆ ೨೨.೨ ಮೀಟರು. ಚಲನಶಕ್ತಿಯು ವೇಗದ ವರ್ಗವನ್ನು ಅವಲಂಬಿಸಿರುವುದರಿಂದ, ಈ ಏರಿಕೆಗೆ ಪ್ರತಿ ಕಿಲೋಗ್ರಾಮಿಗೆ ಬೇಕಾಗುವ ಶಕ್ತಿ ಸುಮಾರು ೧೦೮ ಜೌಲ್. ಇದನ್ನು ಮೇಲಿನ ವಾಟ್ ಸಂಖ್ಯೆಗಳಿಂದ ಭಾಗಿಸಿದರೆ ಕಾಲ ದೊರೆಯುತ್ತದೆ.

ಮೊದಲನೆಯ ಗಾಡಿಗೆ ೩.೪ ಸೆಕೆಂಡು, ಎರಡನೆಯದಕ್ಕೆ ೧.೯ ಸೆಕೆಂಡು. ಗಾಳಿಯ ತಡೆಯನ್ನೂ ಯಂತ್ರದೊಳಗಿನ ನಷ್ಟವನ್ನೂ ನಾವು ಲೆಕ್ಕಕ್ಕೆ ಹಿಡಿದಿಲ್ಲವಾದ್ದರಿಂದ ನಿಜವಾದ ಕಾಲ ಇದಕ್ಕಿಂತ ಹೆಚ್ಚು. ಮೂರನೆಯ ಗಾಡಿಗೆ ಬರುವ ಉತ್ತರ ೦.೨ ಸೆಕೆಂಡು! ಆದರೆ ಇದು ನಿಜದಲ್ಲಿ ಸಾಧ್ಯವಾಗದು. ಹಿಂದಿನ ಚಕ್ರ ಅಷ್ಟು ಬಲವಾಗಿ ನೂಕುವ ಮೊದಲೇ ಮುಂದಿನ ಚಕ್ರ ನೆಲಬಿಟ್ಟು ಮೇಲೇಳುತ್ತದೆ. ಎರಡು ಚಕ್ರಗಳ ನಡುವಿನ ಅಂತರ ೧.೪ ಮೀಟರು, ಸವಾರನನ್ನೂ ಸೇರಿಸಿಕೊಂಡ ಗುರುತ್ವಕೇಂದ್ರ ಆ ಅಂತರದ ನಟ್ಟನಡುವೆ ನೆಲದಿಂದ ೦.೭ ಮೀಟರು ಎತ್ತರದಲ್ಲಿದೆ ಎಂದು ಹಿಡಿದರೆ, ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷಕ್ಕೆ (ಸೆಕೆಂಡಿಗೆ ಸೆಕೆಂಡಿಗೆ ೯.೮ ಮೀಟರು) ಸಮನಾದೊಡನೆ ಮುಂದಿನ ಚಕ್ರದ ಮೇಲಿನ ಭಾರ ಶೂನ್ಯವಾಗುತ್ತದೆ. ಈ ಎಲ್ಲೆಯಲ್ಲಿಯೇ ಓಡಿಸಿದರೂ ೬೦ರಿಂದ ೮೦ಕ್ಕೆ ಏರಲು ೦.೬ ಸೆಕೆಂಡು ಸಾಕು. ಅದಕ್ಕೆ ಎಂಜಿನ್ನಿನ ಪೂರ್ಣ ಸಾಮರ್ಥ್ಯವೂ ಬೇಡ. ಮೂರನೆಯ ಒಂದು ಪಾಲು ಸಾಕು.

ಇದೇ ಈ ಪ್ರಶ್ನೆಯ ತಿರುಳು. ಸಣ್ಣ ಗಾಡಿಯಲ್ಲಿ ತಪ್ಪು ಬೆಳೆಯಲು ಮೂರು ನಾಲ್ಕು ಸೆಕೆಂಡು ಬೇಕು. ಸವಾರನಿಗೆ ಎಚ್ಚರಗೊಳ್ಳಲು ಒಂದು ಸೆಕೆಂಡು ಸಾಕು. ಆದುದರಿಂದ ತಪ್ಪು ಬಲಿಯುವ ಮೊದಲೇ ಅವನು ಅದನ್ನು ತಿದ್ದಬಲ್ಲ. ಪ್ರಬಲ ಗಾಡಿಯಲ್ಲಿ ತಪ್ಪು ಪೂರ್ತಿಯಾಗಿ ಬೆಳೆದುನಿಂತ ಮೇಲೆ ಸವಾರನಿಗೆ ಎಚ್ಚರವಾಗುತ್ತದೆ. “ಆಕ್ಸಿಲರೇಟರು ನನ್ನ ಕೈಯಲ್ಲಿದೆ” ಎಂಬುದೇನೋ ನಿಜ. ಆದರೆ ಆ ಕೈಯನ್ನು ಆಳುವ ಮಿದುಳಿಗೆ ಬೇಕಾದ ಕಾಲವನ್ನು ಗಾಡಿ ಕೊಡುವುದಿಲ್ಲ.

ತಪ್ಪು ತಪ್ಪನ್ನೇ ಬೆಳೆಸುವ ಬಗೆ

ಕೈಯ ಮೇಲಿನ ಈ ನಂಬಿಕೆಗೆ ಇನ್ನೊಂದು ಅಡ್ಡಿಯೂ ಉಂಟು. ಆಕ್ಸಿಲರೇಟರಿನ ಹಿಡಿಯನ್ನು ಸವಾರನು ತನ್ನ ಕಡೆಗೆ ತಿರುಗಿಸಿದರೆ ಗಾಡಿಯ ವೇಗ ಹೆಚ್ಚುತ್ತದೆ. ಗಾಡಿ ಥಟ್ಟನೆ ಮುಂದಕ್ಕೆ ನೆಗೆದರೆ ಜಡತ್ವದಿಂದಾಗಿ ಅವನ ದೇಹ ಹಿಂದಕ್ಕೆ ವಾಲುತ್ತದೆ. ಬೀಳದಿರಲು ಅವನು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯುತ್ತಾನೆ. ಹಿಂದಕ್ಕೆ ಹೋದ ತೋಳು ಮಣಿಕಟ್ಟನ್ನು ಕೆಳಕ್ಕೆ ಎಳೆಯುತ್ತದೆ. ಹಿಡಿ ಇನ್ನಷ್ಟು ತಿರುಗುತ್ತದೆ. ಗಾಡಿ ಇನ್ನಷ್ಟು ರಭಸದಿಂದ ಮುನ್ನುಗ್ಗುತ್ತದೆ. ಹೀಗೆ ಪರಿಣಾಮವು ಮರಳಿ ಕಾರಣವನ್ನೇ ಬಲಪಡಿಸುವ ಚಕ್ರವೊಂದು ಏರ್ಪಡುತ್ತದೆ.

ಈ ಚಕ್ರ ಸಣ್ಣ ಗಾಡಿಯಲ್ಲಿಯೂ ತಲೆಯೆತ್ತಬಹುದು. ಆದರೆ ಅಲ್ಲಿ ದೇಹವನ್ನು ಹಿಂದೆಳೆಯುವ ಬಲ ಅಲ್ಪ. ತೊಡೆ ಮತ್ತು ಬೆನ್ನಿನ ಸ್ನಾಯುಗಳು ಅದನ್ನು ಸುಲಭವಾಗಿ ತಡೆದುಕೊಳ್ಳುತ್ತವೆ. ಗುರುತ್ವಕ್ಕೆ ಸಮನಾದ ವೇಗೋತ್ಕರ್ಷದಲ್ಲಿ ೭೦ ಕಿಲೋಗ್ರಾಮಿನ ಸವಾರನನ್ನು ಅವನ ಸ್ವಂತ ತೂಕದಷ್ಟೇ ಬಲ ಹಿಂದಕ್ಕೆ ನೂಕುತ್ತದೆ. ಪಳಗಿದ ಸವಾರನು ಮೊಣಕಾಲುಗಳಿಂದ ಟ್ಯಾಂಕನ್ನು ಅವುಚಿ, ಕೈಗಳನ್ನು ಸಡಿಲವಾಗಿಟ್ಟು ಇದನ್ನು ನಿವಾರಿಸಿಕೊಳ್ಳುತ್ತಾನೆ. ಹೊಸಬನು ಮಾಡುವುದು ಇದಕ್ಕೆ ತೀರ ವಿರುದ್ಧ: ಕೈಯಿಂದ ಬಿಗಿಯಾಗಿ ಹಿಡಿದು ಕಾಲನ್ನು ಸಡಿಲಬಿಡುತ್ತಾನೆ.

ತಿರುವಿನಲ್ಲಿ ನಡೆಯುವುದೇನು?

ನೇರ ರಸ್ತೆಯಲ್ಲಿ ಒದಗುವ ಅಪಾಯಕ್ಕಿಂತ ತಿರುವಿನಲ್ಲಿ ಒದಗುವ ಅಪಾಯ ಹೆಚ್ಚಿನದು. ತಿರುವಿನಲ್ಲಿ ಮೋಟಾರು ಸೈಕಲ್ಲು ಒಳಗಡೆಗೆ ವಾಲಬೇಕು. ವಾಲುವ ಕೋನದ ಸ್ಪರ್ಶಕವು (ಟ್ಯಾಂಜೆಂಟ್) ವೇಗದ ವರ್ಗವನ್ನು ತ್ರಿಜ್ಯದಿಂದಲೂ ಗುರುತ್ವ ವೇಗೋತ್ಕರ್ಷದಿಂದಲೂ ಭಾಗಿಸಿದಾಗ ಬರುವ ಸಂಖ್ಯೆಗೆ ಸಮ. ಐವತ್ತು ಮೀಟರು ತ್ರಿಜ್ಯದ ತಿರುವೊಂದನ್ನು ಗಂಟೆಗೆ ೬೦ ಕಿಲೋಮೀಟರಿನಲ್ಲಿ ಹಾಯಲು ಗಾಡಿ ಸುಮಾರು ೩೦ ಡಿಗ್ರಿ ವಾಲಿದರೆ ಸಾಕು. ಅದೇ ತಿರುವನ್ನು ೮೦ ಕಿಲೋಮೀಟರಿನಲ್ಲಿ ಹಾಯಬೇಕಾದರೆ ೪೫ ಡಿಗ್ರಿ ವಾಲಬೇಕು. ೪೫ ಡಿಗ್ರಿ ವಾಲಲು ಟೈರು ಮತ್ತು ರಸ್ತೆಗಳ ನಡುವಿನ ಘರ್ಷಣಾಂಕ ೧ ಇರಬೇಕಾಗುತ್ತದೆ. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ ಸಾಮಾನ್ಯವಾಗಿ ೦.೭ರಿಂದ ೦.೮ರಷ್ಟು ಎಂದು ಲೆಕ್ಕ ಹಿಡಿಯುತ್ತಾರೆ. ಮರಳು ಚೆಲ್ಲಿದ, ಮಳೆಗೆ ನೆನೆದ, ಎಣ್ಣೆ ಸೋರಿದ ಕಡೆಗಳಲ್ಲಿ ಅದು ಇನ್ನೂ ಕಡಿಮೆ.

ಅಂದಮೇಲೆ ೬೦ ಮತ್ತು ೮೦ರ ನಡುವಿನ ಅಂತರವೆಂದರೆ ತಿರುವನ್ನು ಸುಖವಾಗಿ ದಾಟುವುದಕ್ಕೂ ರಸ್ತೆಯಿಂದ ಹೊರಬೀಳುವುದಕ್ಕೂ ಇರುವ ಅಂತರ. ತಿರುವು ಮುಗಿಯುವ ಮೊದಲೇ ಆತುರಪಟ್ಟು ಹಿಡಿಯನ್ನು ತಿರುಗಿಸಿದರೆ ಈ ಅಂತರವನ್ನು ಪ್ರಬಲ ಗಾಡಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಬಯಸುತ್ತದೆ. ದಾಟಲಾರದೆ ಹಿಂದಿನ ಚಕ್ರ ಜಾರುತ್ತದೆ.

ಏಕೆ ಜಾರುತ್ತದೆ? ಟೈರಿನ ಹಿಡಿತ ಒಂದು ಮಿತವಾದ ಬಂಡವಾಳ. ತಿರುಗಲು ವ್ಯಯವಾದದ್ದು ಹೋಗಿ ಉಳಿದುದು ಮಾತ್ರ ವೇಗ ಹೆಚ್ಚಿಸಲು ಅಥವಾ ಬ್ರೇಕು ಹಾಕಲು ದೊರೆಯುತ್ತದೆ. ಇವೆರಡು ಬಲಗಳು ಒಂದಕ್ಕೊಂದು ಲಂಬವಾಗಿರುವುದರಿಂದ ಇಲ್ಲಿ ಪೈಥಾಗೊರಸನ ಪ್ರಮೇಯ ಅನ್ವಯಿಸುತ್ತದೆ. ಒಟ್ಟು ಹಿಡಿತ ೫ ಪಾಲು ಎಂದಿಟ್ಟುಕೊಳ್ಳಿ. ತಿರುಗಲು ೪ ಪಾಲು ಬಳಸಿದರೆ ಉಳಿಯುವುದು ೩ ಪಾಲು. ತಿರುಗಲು ೫ ಪಾಲನ್ನೂ ಬಳಸಿಬಿಟ್ಟರೆ ಉಳಿಯುವುದು ಸೊನ್ನೆ. ಆಗ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಚಕ್ರ ಜಾರುತ್ತದೆ. ಸಣ್ಣ ಎಂಜಿನ್ನಿಗೆ ಈ ಉಳಿದ ಪಾಲನ್ನು ಮೀರುವ ಕಸುವೇ ಇರುವುದಿಲ್ಲ. ದೊಡ್ಡದಕ್ಕೆ ಬೇಕಾದುದಕ್ಕಿಂತ ಎಷ್ಟೋ ಮಿಗಿಲಾಗಿ ಇರುತ್ತದೆ.

ಬ್ರೇಕಿನ ಪಾಠ

ವೇಗವನ್ನು ಪಡೆಯುವುದು ಎಂಜಿನ್ನಿನ ಕೆಲಸ; ಕಳೆಯುವುದು ಸವಾರನ ಕೌಶಲ. ಘರ್ಷಣಾಂಕ ೦.೭ ಎಂದೂ ಪ್ರತಿಕ್ರಿಯೆಯ ಕಾಲ ಒಂದು ಸೆಕೆಂಡು ಎಂದೂ ಹಿಡಿದರೆ, ಗಂಟೆಗೆ ೬೦ ಕಿಲೋಮೀಟರು ವೇಗದ ಗಾಡಿ ನಿಲ್ಲಲು ೩೭ ಮೀಟರು ಬೇಕು. ಇದರಲ್ಲಿ ೧೭ ಮೀಟರು ಬ್ರೇಕು ಹಿಡಿಯುವ ಮೊದಲೇ ಕಳೆದುಹೋಗಿರುತ್ತದೆ. ೧೨೦ ಕಿಲೋಮೀಟರು ವೇಗದಲ್ಲಿ ಬೇಕಾಗುವುದು ೧೧೪ ಮೀಟರು. ವೇಗ ಇಮ್ಮಡಿಯಾದರೆ ದೂರ ಮುಮ್ಮಡಿಯಾಯಿತು.

ಬ್ರೇಕು ಹಾಕಿದಾಗ ಭಾರ ಮುಂದಿನ ಚಕ್ರದ ಕಡೆಗೆ ಸರಿಯುತ್ತದೆ. ನಾವು ಹಿಂದೆ ಕೊಟ್ಟ ಅಳತೆಗಳನ್ನೇ ಬಳಸಿ ಲೆಕ್ಕಹಾಕಿದರೆ, ಗುರುತ್ವದ ೦.೭ರಷ್ಟು ಬಲವಾಗಿ ಬ್ರೇಕು ಹಾಕಿದಾಗ ಮುಂದಿನ ಚಕ್ರದ ಮೇಲೆ ಶೇಕಡ ೮೫ರಷ್ಟು ಭಾರವೂ ಹಿಂದಿನದರ ಮೇಲೆ ಶೇಕಡ ೧೫ರಷ್ಟು ಭಾರವೂ ಇರುತ್ತವೆ. ಆದುದರಿಂದ ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಅದನ್ನು ಹಂತಹಂತವಾಗಿ ಬಿಗಿಗೊಳಿಸುತ್ತ ಬರುವುದು ಅಭ್ಯಾಸದಿಂದ ಮಾತ್ರ ಬರತಕ್ಕ ವಿದ್ಯೆ. ಬೈಸಿಕಲ್ಲಿನಿಂದ ಬಂದ ಹೊಸಬನು ಮುಂದಿನ ಬ್ರೇಕಿಗೆ ಅಂಜಿ ಹಿಂದಿನದನ್ನೇ ತುಳಿಯುತ್ತಾನೆ. ಇಲ್ಲವೆ ಗಾಬರಿಯಲ್ಲಿ ಮುಂದಿನದನ್ನು ಒಮ್ಮೆಗೇ ಹಿಸುಕುತ್ತಾನೆ. ಪಂದ್ಯದ ಗಾಡಿಗಳ ಮುಂದಿನ ಬ್ರೇಕು ಒಂದೆರಡು ಬೆರಳಿನ ಒತ್ತಡಕ್ಕೇ ಮಣಿಯುವಂತೆ ರಚಿತವಾಗಿರುವುದರಿಂದ ಆ ಎರಡನೆಯ ತಪ್ಪು ಅಲ್ಲಿ ಇನ್ನೂ ದುಬಾರಿ.

ಅಂಕಿ ಅಂಶಗಳು ಹೇಳುವುದೇನು?

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ಲಾಸ್ ಏಂಜಲಿಸ್ ಪ್ರದೇಶದಲ್ಲಿ ಒಂಬೈನೂರಕ್ಕೂ ಹೆಚ್ಚು ಮೋಟಾರು ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ, ೧೯೮೧ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಅಪಘಾತಕ್ಕೀಡಾದ ಸವಾರರಲ್ಲಿ ಶೇಕಡ ೯೨ರಷ್ಟು ಮಂದಿ ತಾವಾಗಿಯೇ ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ನಿರ್ದಿಷ್ಟ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಅಪಾಯ ಕಂಡಮೇಲೆ ತಪ್ಪಿಸಿಕೊಳ್ಳಲು ದೊರೆತ ಕಾಲ ಸಾಮಾನ್ಯವಾಗಿ ಎರಡು ಸೆಕೆಂಡಿಗೂ ಕಡಿಮೆ. ಆ ಗಳಿಗೆಯಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿಯೂ ಮುಂದಿನದನ್ನು ಸಾಲದಷ್ಟೂ ಬಳಸಿದ್ದರು. ಮೇಲಿನ ಲೆಕ್ಕಗಳಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಅದೇ ವರದಿಯಲ್ಲಿ ನಮ್ಮ ವಾದಕ್ಕೆ ಅಷ್ಟಾಗಿ ಒಗ್ಗದ ಒಂದು ಅಂಶವೂ ಇದೆ, ಅದನ್ನು ಮರೆಮಾಚಬಾರದು. ದೊಡ್ಡ ಎಂಜಿನ್ನಿನ ಗಾಡಿಗಳು ಅಪಘಾತಗಳಲ್ಲಿ ತಮ್ಮ ಸಂಖ್ಯೆಗೆ ಅನುಗುಣವಾಗಿರಬೇಕಾದುದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಸಿಕ್ಕಿಕೊಂಡಿದ್ದವು. ಆದರೆ ಸಿಕ್ಕಿಕೊಂಡಾಗ ಆದ ಗಾಯಗಳು ಹೆಚ್ಚು ತೀವ್ರವಾಗಿದ್ದವು. ಎಂಜಿನ್ನಿನ ಗಾತ್ರವೊಂದೇ ಅಪಾಯದ ಅಳತೆಯಲ್ಲ ಎಂಬುದು ಇದರಿಂದ ಸಿದ್ಧಪಡುತ್ತದೆ. ಗಾತ್ರಕ್ಕಿಂತ ಗಾಡಿಯ ಬಗೆ ಮುಖ್ಯ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋಂದಾಯಿತವಾದ ಪ್ರತಿ ೧೦,೦೦೦ ಗಾಡಿಗಳಿಗೆ ಸಂಭವಿಸಿದ ಸವಾರರ ಮರಣಗಳನ್ನು ಹೋಲಿಸಿದಾಗ, ಪಂದ್ಯದ ಮಾದರಿಯ ಗಾಡಿಗಳಲ್ಲಿ ಆ ಪ್ರಮಾಣ ಸಾಧಾರಣ ಗಾಡಿಗಳ ಸುಮಾರು ನಾಲ್ಕರಷ್ಟಿತ್ತು. ಅಂಥ ಗಾಡಿಗಳನ್ನು ಕೊಳ್ಳುವವರು ಹೆಚ್ಚಾಗಿ ತರುಣರಾದುದರಿಂದ, ಇದರಲ್ಲಿ ವಯಸ್ಸಿನ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಆದರೆ ಆ ಎರಡೂ ಒಂದೆಡೆ ಸೇರಿದಾಗ ಫಲವೇನೆಂಬುದು ನಿಚ್ಚಳವಾಗಿದೆ.

ನಮ್ಮ ದೇಶದಲ್ಲಿ ೨೦೨೨ರಲ್ಲಿ ರಸ್ತೆ ಅಪಘಾತಗಳಲ್ಲಿ ಮಡಿದವರು ೧,೬೮,೪೯೧ ಮಂದಿ. ಇವರಲ್ಲಿ ಶೇಕಡ ೪೪.೫ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ನಮ್ಮಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು ಸಣ್ಣ ಎಂಜಿನ್ನಿನವೇ ಆಗಿರುವುದನ್ನು ನೆನೆದರೆ, ಸಣ್ಣ ಗಾಡಿ ತನ್ನಷ್ಟಕ್ಕೆ ಸುರಕ್ಷಿತವೆಂದು ಯಾರೂ ಭ್ರಮಿಸುವಂತಿಲ್ಲ. ಅದು ಕೊಡುವುದು ರಕ್ಷಣೆಯನ್ನಲ್ಲ, ಕಲಿಯಲು ಅವಕಾಶವನ್ನು.

ಎರಡು ಪ್ರತಿವಾದಗಳು

“ಈಗಿನ ಗಾಡಿಗಳಲ್ಲಿ ಚಕ್ರ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ಸಾಧನಗಳಿವೆಯಲ್ಲ?” ಎಂದು ಕೇಳುವವರುಂಟು. ಇವೆ, ಅವು ನಿಜಕ್ಕೂ ಉಪಕಾರಿಗಳು. ಬ್ರೇಕು ಹಾಕಿದಾಗ ಚಕ್ರ ಕಟ್ಟಿಬೀಳದಂತೆ ನೋಡಿಕೊಳ್ಳುವ ಎ.ಬಿ.ಎಸ್. ಸಾಧನವನ್ನು ೧೨೫ ಸಿ.ಸಿ. ಮೀರಿದ ಹೊಸ ಗಾಡಿಗಳಲ್ಲಿ ನಮ್ಮ ದೇಶ ೨೦೧೯ರ ಏಪ್ರಿಲ್‌ನಿಂದ ಕಡ್ಡಾಯಗೊಳಿಸಿದೆ. ಆದರೆ ಈ ಸಾಧನಗಳು ಇರುವ ಹಿಡಿತವನ್ನು ಚೆನ್ನಾಗಿ ಬಳಸಬಲ್ಲುವೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರವು. ತಿರುವಿಗೆ ತಕ್ಕ ವೇಗವನ್ನು ಸವಾರನ ಪರವಾಗಿ ಆರಿಸುವ ಹೊಣೆಯನ್ನೂ ಅವು ಹೊರುವುದಿಲ್ಲ.

“ಸಣ್ಣ ಗಾಡಿ ಕೆಲವೇ ತಿಂಗಳಲ್ಲಿ ಬೇಸರವಾಗುತ್ತದೆ, ಎರಡು ಸಲ ಹಣ ಏಕೆ ಸುರಿಯಬೇಕು?” ಎಂಬುದು ಇನ್ನೊಂದು ವಾದ. ಸಣ್ಣ ಗಾಡಿಯಲ್ಲಿ ಸವಾರನು ಎಂಜಿನ್ನಿನ ಪೂರ್ಣ ಸಾಮರ್ಥ್ಯವನ್ನು ಬಳಸಿ ಕಲಿಯುತ್ತಾನೆ. ಗೇರು ಬದಲಾಯಿಸುವ ಹದ, ಕ್ಲಚ್ಚಿನ ನಯ, ತಿರುವಿನ ಗೆರೆ, ಇವೆಲ್ಲ ಅವನಿಗೆ ದಿನವೂ ಅಭ್ಯಾಸವಾಗುತ್ತವೆ. ಪಂದ್ಯದ ಗಾಡಿ ಮೊದಲನೆಯ ಗೇರಿನಲ್ಲಿಯೇ ಗಂಟೆಗೆ ೧೦೦ ಕಿಲೋಮೀಟರನ್ನು ಮೀರುತ್ತದೆ. ಪೇಟೆಯ ರಸ್ತೆಯಲ್ಲಿ ಅದರ ಹತ್ತನೆಯ ಒಂದು ಪಾಲನ್ನು ಬಳಸಲೂ ಎಡೆಯಿಲ್ಲ. ಅದರ ಮೇಲೆ ವರ್ಷ ಕಳೆದವನು ಗಾಡಿಗೆ ಅಂಜುವುದನ್ನು ಕಲಿತಿರುತ್ತಾನೆ, ಇಲ್ಲವೆ ಅಂಜದಿರುವುದನ್ನು ಕಲಿತಿರುತ್ತಾನೆ. ಎರಡೂ ಸವಾರಿಯ ವಿದ್ಯೆಯಲ್ಲ.

ಬೇರೆ ದೇಶಗಳ ಕ್ರಮ

ಕಲಿಕೆಗೆ ಮೆಟ್ಟಿಲುಗಳು ಬೇಕೆಂಬುದನ್ನು ಅನೇಕ ದೇಶಗಳು ಕಾನೂನಿನಲ್ಲಿಯೇ ಅಳವಡಿಸಿವೆ. ಯೂರೋಪಿಯನ್ ಒಕ್ಕೂಟದಲ್ಲಿ ೨೦೧೩ರ ಜನವರಿಯಿಂದ ಜಾರಿಗೆ ಬಂದ ಪದ್ಧತಿಯಂತೆ ಮೊದಲ ಮೆಟ್ಟಿಲು ೧೨೫ ಸಿ.ಸಿ., ೧೧ ಕಿಲೋವಾಟ್. ಎರಡನೆಯದು ೩೫ ಕಿಲೋವಾಟ್. ಅದರ ಮೇಲೆ ಎರಡು ವರ್ಷ ಕಳೆದ ನಂತರ ಮಿತಿಯಿಲ್ಲದ ಲೈಸೆನ್ಸು. ಜಪಾನಿನಲ್ಲಿ ೪೦೦ ಸಿ.ಸಿ. ಮೀರಿದ ಗಾಡಿಗಳಿಗೆ ಬೇರೆಯೇ ಲೈಸೆನ್ಸು ಬೇಕು. ಆಸ್ಟ್ರೇಲಿಯದಲ್ಲಿ ಹೊಸ ಸವಾರರ ಗಾಡಿಗಳಿಗೆ ೬೬೦ ಸಿ.ಸಿ.ಯ ಮಿತಿಯೊಡನೆ ಪ್ರತಿ ಟನ್ನಿಗೆ ೧೫೦ ಕಿಲೋವಾಟಿನ ಮಿತಿಯನ್ನೂ ವಿಧಿಸಲಾಗಿದೆ. ಇದು ನಾವು ಮೊದಲಲ್ಲಿ ಬಳಸಿದ ಅಳತೆಗೋಲೇ: ಟನ್ನಿಗೆ ಕಿಲೋವಾಟ್ ಎಂದರೂ ಕಿಲೋಗ್ರಾಮಿಗೆ ವಾಟ್ ಎಂದರೂ ಒಂದೇ. ನಮ್ಮ ಮೂರನೆಯ ಗಾಡಿಯ ಸಂಖ್ಯೆ ೫೪೪ ಎಂಬುದನ್ನು ವಾಚಕರು ನೆನೆಯಬಹುದು.

ಭಾರತದ ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿ ಗೇರಿಲ್ಲದ ಮತ್ತು ಗೇರುಳ್ಳ ಮೋಟಾರು ಸೈಕಲ್ಲುಗಳೆಂಬ ಭೇದವುಂಟು. ಆದರೆ ಗೇರುಳ್ಳ ಗಾಡಿಗಳಲ್ಲಿ ಸಾಮರ್ಥ್ಯದ ಭೇದವಿಲ್ಲ. ೮ ಅಶ್ವಶಕ್ತಿಯ ಗಾಡಿಯಲ್ಲಿ ಪರೀಕ್ಷೆ ಕೊಟ್ಟು ತೇರ್ಗಡೆಯಾದವನು ಮರುದಿನವೇ ೨೦೦ ಅಶ್ವಶಕ್ತಿಯ ಗಾಡಿಯನ್ನು ಹತ್ತಬಹುದು; ಕಾನೂನು ತಡೆಯುವುದಿಲ್ಲ. ಆದುದರಿಂದ ಇಲ್ಲಿ ಮೆಟ್ಟಿಲುಗಳನ್ನು ಕಟ್ಟಿಕೊಳ್ಳುವ ಹೊಣೆ ಸವಾರನದೂ ಅವನ ತಾಯಿತಂದೆಯರದೂ ಆಗಿದೆ.

ಕಲಿಯುವ ಕ್ರಮ

೧೦೦ರಿಂದ ೨೦೦ ಸಿ.ಸಿ.ಯ ಒಳಗಿನ, ಎರಡೂ ಪಾದಗಳು ನೆಲಕ್ಕೆ ಚೆನ್ನಾಗಿ ಊರುವ, ನೆಟ್ಟಗೆ ಕುಳಿತು ಓಡಿಸಬಹುದಾದ ಗಾಡಿ ಮೊದಲ ವರ್ಷಕ್ಕೆ ತಕ್ಕದ್ದು. ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಎಂಟರ ಆಕಾರವಾಗಿ ಗಾಡಿಯನ್ನು ತಿರುಗಿಸುವುದನ್ನು ಅಭ್ಯಾಸಮಾಡಬೇಕು. ವಾಹನಸಂಚಾರವಿಲ್ಲದ ಒಣನೆಲದಲ್ಲಿ ಮೊದಲು ೨೦, ಆಮೇಲೆ ೩೦, ಆಮೇಲೆ ೪೦ ಕಿಲೋಮೀಟರು ವೇಗದಿಂದ ಎರಡು ಬ್ರೇಕುಗಳನ್ನೂ ಬಳಸಿ ನಿಲ್ಲಿಸಿ, ನಿಂತ ದೂರವನ್ನು ಹೆಜ್ಜೆಯಿಂದ ಅಳೆದು ಬರೆದಿಡಬೇಕು. ದೂರ ಕಡಿಮೆಯಾಗುತ್ತ ಬಂದು ಒಂದು ಮಟ್ಟದಲ್ಲಿ ನಿಂತರೆ ಕೈಗೆ ಹದ ಬಂದಿದೆಯೆಂದು ತಿಳಿಯಬಹುದು. ಮಳೆಗಾಲವೊಂದನ್ನಾದರೂ ಆ ಗಾಡಿಯ ಮೇಲೆಯೇ ಕಳೆದು, ಒದ್ದೆ ರಸ್ತೆಯ ಗುಣವನ್ನು ಅರಿತುಕೊಳ್ಳಬೇಕು. ಸರಿಯಾಗಿ ಬಿಗಿದ ಹೆಲ್ಮೆಟ್ಟು ಮೊದಲ ದಿನದಿಂದಲೇ ತಲೆಯ ಮೇಲಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟು ಕಲಿತ ಬಳಿಕ ಮೇಲಿನ ಮೆಟ್ಟಿಲಿಗೆ ಹೋಗಬಯಸುವವನನ್ನು ವಿಜ್ಞಾನವೇನೂ ಬೇಡವೆನ್ನುವುದಿಲ್ಲ. ಬಲಶಾಲಿಯಾದ ಯಂತ್ರ ಕೆಟ್ಟದ್ದಲ್ಲ. ಅದು ಮನುಷ್ಯನ ಜಾಣ್ಮೆಯ ಅಪೂರ್ವ ಸೃಷ್ಟಿಗಳಲ್ಲಿ ಒಂದು. ಆದರೆ ಅದು ಈಗಾಗಲೇ ಕಲಿತ ಕೈಗಳಿಗಾಗಿ ಮಾಡಿದ ಉಪಕರಣ. ಆ ಕೈಗಳು ಬ್ರೇಕನ್ನೂ ಕ್ಲಚ್ಚನ್ನೂ ಯೋಚಿಸದೆಯೇ ಹದವರಿತು ಬಳಸುತ್ತವೆ. ಯೋಚಿಸುವ ಮನಸ್ಸು ಮುಂದಿನ ರಸ್ತೆಯನ್ನು ನೋಡಲು ಬಿಡುವಾಗಿರುತ್ತದೆ. ಹೊಸಬನ ಮನಸ್ಸು ಇನ್ನೂ ತನ್ನ ಕೈಗಳನ್ನೇ ನೋಡುತ್ತಿರುತ್ತದೆ. ಅವನಿಗೆ ಬೇಕಾದುದು ತಪ್ಪನ್ನು ಮೂರು ಸೆಕೆಂಡಾದರೂ ತಾಳಿಕೊಂಡು ಹೋಗುವ ಗಾಡಿ. ಆ ಮೂರು ಸೆಕೆಂಡುಗಳಲ್ಲಿಯೇ ಅವನು ಸವಾರನಾಗುವುದು.